ವಸಡಿನ ಸರ್ಜರಿ ಆದ ಮೇಲೆ ಹಲ್ಲುಗಳ ನಡುವೆ ಸಂದಿ ಬಿದ್ದಿದೆ, ತಪ್ಪು ಮಾಡಿದೆನಾ?

ಪ್ರಶ್ನೆ: ನನಗೆ 52 ವರ್ಷ. ದಾವಣಗೆರೆ ಹತ್ತಿರದ ಊರು. ಎಂಟು ವರ್ಷದಿಂದ ಶುಗರ್ ಇದೆ, ಕಳೆದ ಸಲ ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ 8.1 ಬಂದಿತ್ತು. ವಸಡಿನಲ್ಲಿ ರಕ್ತ, ಬಾಯಿ ವಾಸನೆ ಅಂತ ಹಲ್ಲಿನ ಡಾಕ್ಟರ ಹತ್ತಿರ ಹೋದೆ. ಡೀಪ್ ಕ್ಲೀನಿಂಗ್ ಮಾಡಿದರು. ಕೆಳಗಿನ ಎಡಭಾಗಕ್ಕೆ ಫ್ಲಾಪ್ ಸರ್ಜರಿಯೂ ಆಯಿತು. ಹೊಲಿಗೆ ಬಿಚ್ಚಿ ಐದು ವಾರ ಆಗಿದೆ. ರಕ್ತ ನಿಂತಿದೆ. ಆದರೆ ಮುಂದಿನ ಹಲ್ಲುಗಳ ನಡುವೆ ಮೊದಲು ಇಲ್ಲದ ಸಂದಿಗಳು ಕಾಣುತ್ತಿವೆ, ಹಲ್ಲು ಉದ್ದ ಆದ ಹಾಗಿದೆ. ಸೊಪ್ಪಿನ ನಾರು, ಅನ್ನದ ಅಗುಳು ಸಿಕ್ಕಿಹಾಕಿಕೊಳ್ಳುತ್ತದೆ. ತಣ್ಣೀರು ಕುಡಿದರೆ ಜುಮ್ ಅನ್ನುತ್ತದೆ. ಸರ್ಜರಿ ಆದ ಕಡೆ ಒಂದು ಹಲ್ಲು ಸ್ವಲ್ಪ ಅಲ್ಲಾಡುತ್ತದೆ. ಅಲ್ಲಿ ಬ್ರಷ್ ಹಾಕಲು ಭಯ, ಬೆರಳಿನಲ್ಲಿ ಉಪ್ಪು-ಅರಿಶಿನ ಹಚ್ಚಿ ಉಜ್ಜುತ್ತಿದ್ದೇನೆ. ಡಾಕ್ಟರ್ ಕೊಟ್ಟ ಮೌತ್‌ವಾಶ್ ಇನ್ನೂ ಬಿಟ್ಟಿಲ್ಲ, ಹಲ್ಲು, ನಾಲಿಗೆ ಕಂದು ಬಣ್ಣಕ್ಕೆ ತಿರುಗಿವೆ. 'ಕ್ಲೀನ್ ಮಾಡಿಸಿದ್ದಕ್ಕೇ ಹಲ್ಲು ಸಡಿಲ ಆಗಿದ್ದು' ಅಂತ ನಾದಿನಿ. 'ಎಲ್ಲ ಕೀಳಿಸಿ ಇಂಪ್ಲಾಂಟ್ ಹಾಕಿಸಿಬಿಡು' ಅಂತ ಮಗ. ಊಟ ಆದ ಮೇಲೆ ಎಲೆ-ಅಡಿಕೆ ಹಾಕುತ್ತೇನೆ, ತಂಬಾಕು ಇಲ್ಲ. ಟ್ರೀಟ್‌ಮೆಂಟ್ ತೆಗೆದುಕೊಂಡು ತಪ್ಪು ಮಾಡಿದೆನಾ?

ಉತ್ತರ: ಇಲ್ಲ, ತಪ್ಪು ಮಾಡಿಲ್ಲ. ನೀವು ಬರೆದಿದ್ದರಲ್ಲಿ ಎಲ್ಲಕ್ಕಿಂತ ಮುಖ್ಯವಾದ ಮಾತು 'ರಕ್ತ ನಿಂತಿದೆ' ಅನ್ನುವುದು. ಅದನ್ನು ಎರಡು ಪದದಲ್ಲಿ ಹೇಳಿ ಮುಂದೆ ಹೋಗಿಬಿಟ್ಟಿದ್ದೀರಿ. ವಸಡಿನ ಡಾಕ್ಟರಾಗಿ ನಾನು ಮೊದಲು ನೋಡುವುದೇ ಅದನ್ನು. ಸಂದಿ, ಜುಮ್ಮೆನ್ನುವುದು, ಹಲ್ಲು ಉದ್ದ ಕಾಣುವುದು, ಇವು ಚಿಕಿತ್ಸೆ ಆದ ಬಹಳಷ್ಟು ಜನರಲ್ಲಿ ಆಗುವಂಥವೇ. ನಿಮ್ಮ ಪ್ರಶ್ನೆಯಲ್ಲಿ ನನಗೆ ಚಿಂತೆ ಆಗಿದ್ದು ಎರಡಕ್ಕೆ: ಬೆರಳಿನಲ್ಲಿ ಉಜ್ಜುವುದಕ್ಕೆ, ಮತ್ತು ಆ 8.1ಕ್ಕೆ.

ಮೊದಲು ನಾದಿನಿಯವರ ಮಾತು. ಇದನ್ನು ಕ್ಲಿನಿಕ್‌ನಲ್ಲಿ ಕೇಳದ ವಾರ ಇಲ್ಲ. ಅವರು ಕಣ್ಣಾರೆ ಕಂಡಿದ್ದನ್ನೇ ಹೇಳುತ್ತಿದ್ದಾರೆ, ಕಾರಣ ಮಾತ್ರ ಬೇರೆ. ವಸಡಿನ ಕಾಯಿಲೆ ಹಲ್ಲಿನ ಸುತ್ತಲಿನ ಮೂಳೆಯನ್ನು ತಿನ್ನುತ್ತಾ ಹೋಗುತ್ತದೆ. ಹೆಚ್ಚಾಗಿ ನೋವೇ ಇರುವುದಿಲ್ಲ, ಹಾಗಾಗಿ ಹತ್ತು-ಹದಿನೈದು ವರ್ಷ ಯಾರಿಗೂ ಗೊತ್ತಾಗುವುದಿಲ್ಲ. ಮೂಳೆ ಕೆಳಗೆ ಇಳಿದಿದ್ದರೂ ಊದಿದ ವಸಡು ಮೇಲೆ ನಿಂತು ಅದನ್ನು ಮುಚ್ಚಿಟ್ಟಿರುತ್ತದೆ. ಹಲ್ಲುಗಳ ನಡುವಿನ ಜಾಗದಲ್ಲಿ ಕಿಟ್ಟ ಗಟ್ಟಿಯಾಗಿ ತುಂಬಿಕೊಂಡು, ಅಲ್ಲಾಡುವ ಹಲ್ಲುಗಳನ್ನು ಒಂದಕ್ಕೊಂದು ಅಂಟಿಸಿರುತ್ತದೆ. ಡಾಕ್ಟರ್ ಆ ಕಿಟ್ಟ ತೆಗೆದರು, ವಸಡಿನ ಊತ ಇಳಿಯಿತು. ಕಾಲು ಊದಿದಾಗ ಬಿಗಿಯಾಗಿದ್ದ ಕಾಲುಂಗುರ ಊತ ಇಳಿದ ಮೇಲೆ ಸಡಿಲ ಆಗುವುದಿಲ್ಲವೇ, ಹಾಗೆ. ಈಗ ಕಾಣುತ್ತಿರುವ ಸಂದಿ ಕಾಯಿಲೆ ಮೊದಲೇ ಮಾಡಿಟ್ಟದ್ದು. ಕಿಟ್ಟ ಬಿಟ್ಟಿದ್ದರೆ ಸಂದಿ ಕಾಣುತ್ತಿರಲಿಲ್ಲ ನಿಜ. ಆದರೆ ಅದರ ಅಡಿಯಲ್ಲಿ ಮೂಳೆ ಇನ್ನಷ್ಟು ಹೋಗುತ್ತಿತ್ತು.

ವಸಡಿನ ಕೆಳಗೆ ಏನಾಗುತ್ತಿದೆ ಅಂತ ಗೊತ್ತಿದ್ದರೆ ಭಯ ಅರ್ಧ ಕಡಿಮೆ ಆಗುತ್ತದೆ. ಆರೋಗ್ಯವಾದ ವಸಡಿಗೂ ಹಲ್ಲಿಗೂ ನಡುವೆ 1ರಿಂದ 3 ಮಿಲಿಮೀಟರ್ ಆಳದ ಸಣ್ಣ ಸೀಳು ಇರುತ್ತದೆ. ಕಾಯಿಲೆ ಬಂದಾಗ ಅದು 4, 5, 7 ಮಿಲಿಮೀಟರ್ ಆಗುತ್ತದೆ. ಇದನ್ನೇ ಪಾಕೆಟ್ ಅನ್ನುವುದು. ಬ್ರಷ್ ಎಷ್ಟೇ ಒತ್ತಿ ತಿಕ್ಕಿದರೂ ಅಷ್ಟು ಆಳಕ್ಕೆ ಹೋಗುವುದಿಲ್ಲ. ಡೀಪ್ ಕ್ಲೀನಿಂಗ್‌ನಲ್ಲಿ ಬೇರಿನ ಮೇಲಿನ ಕಿಟ್ಟವನ್ನು ಕೆರೆದು ತೆಗೆಯುತ್ತೇವೆ. ಅದರಿಂದಲೂ ಇಳಿಯದ ಆಳದ ಪಾಕೆಟ್‌ಗಳಿಗೆ ವಸಡನ್ನು ಸ್ವಲ್ಪ ಬಿಡಿಸಿ, ಕಣ್ಣಿಗೆ ಕಾಣುವ ಹಾಗೆ ಸ್ವಚ್ಛ ಮಾಡಿ, ಮತ್ತೆ ಹೊಲಿಯುತ್ತೇವೆ. ನಿಮ್ಮ ಎಡಭಾಗಕ್ಕೆ ಆಗಿರುವುದು ಇದು. ಆಮೇಲೆ ಪಾಕೆಟ್ ಕಡಿಮೆ ಆಗುವುದು ಎರಡು ದಾರಿಯಿಂದ. ಸ್ವಲ್ಪ ವಸಡು ಬೇರಿಗೆ ಮತ್ತೆ ಅಂಟಿಕೊಳ್ಳುತ್ತದೆ, ಸ್ವಲ್ಪ ವಸಡು ಕೆಳಗೆ ಇಳಿಯುತ್ತದೆ. ಇಳಿದ ಭಾಗವೇ ನಿಮಗೆ 'ಹಲ್ಲು ಉದ್ದ ಆಯಿತು' ಅಂತ ಕಾಣುವುದು. ಈ ಮಾತನ್ನು ಸರ್ಜರಿಗೆ ಮುಂಚೆಯೇ ಪೇಷಂಟ್‌ಗೆ ಬಿಡಿಸಿ ಹೇಳಬೇಕು. ಎಷ್ಟೋ ಕಡೆ ಹೇಳುವುದಿಲ್ಲ, ಅದು ನಮ್ಮ ವೃತ್ತಿಯವರ ಕಡೆಯ ಕೊರತೆ.

ಜುಮ್ಮೆನ್ನುವುದಕ್ಕೂ ಇದೇ ಮೂಲ. ಹಲ್ಲಿನ ಮೇಲ್ಭಾಗಕ್ಕೆ ಎನಾಮಲ್ ಅನ್ನುವ ಗಟ್ಟಿ ಹೊದಿಕೆ ಇದೆ, ಬೇರಿಗೆ ಅದಿಲ್ಲ. ಬೇರು ಹೊರಗೆ ಕಂಡಾಗ ತಣ್ಣನೆಯದು, ಹುಳಿ, ಕೆಲವೊಮ್ಮೆ ಬೆಳಗಿನ ಗಾಳಿ ಕೂಡ ಒಳಗಿನ ನರಕ್ಕೆ ಮುಟ್ಟುತ್ತದೆ. ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಪೊಟ್ಯಾಸಿಯಂ ನೈಟ್ರೇಟ್ ಇರುವ ಸೆನ್ಸಿಟಿವಿಟಿ ಪೇಸ್ಟ್ ಬಳಸಿ. ಎರಡು ದಿನ ಹಚ್ಚಿ 'ಏನೂ ಆಗಲಿಲ್ಲ' ಅಂತ ಬಿಡಬೇಡಿ, ಅದು ಕೆಲಸ ತೋರಿಸಲು ಎರಡರಿಂದ ನಾಲ್ಕು ವಾರ ಬೇಕು. ರಾತ್ರಿ ಉಜ್ಜಿದ ಮೇಲೆ ನೊರೆ ಉಗುಳಿ, ಆದರೆ ನೀರು ಹಾಕಿ ಚೆನ್ನಾಗಿ ಮುಕ್ಕಳಿಸಿ ಪೇಸ್ಟನ್ನೆಲ್ಲ ತೊಳೆದು ಹಾಕಬೇಡಿ. ಪೇಸ್ಟಿನ ಡಬ್ಬಿಯ ಮೇಲೆ ಫ್ಲೋರೈಡ್ ಇದೆಯಾ ನೋಡಿ. ಹೊರಗೆ ಕಂಡ ಬೇರು ಬಹಳ ಬೇಗ ಹುಳುಕು ಹಿಡಿಯುತ್ತದೆ, ಶುಗರ್ ಇರುವವರಲ್ಲಿ ಬಾಯಿ ಒಣಗುವುದರಿಂದ ಇನ್ನೂ ಬೇಗ. 'ಗಿಡಮೂಲಿಕೆ' ಅಂತ ಮಾರುವ ಹಲವು ಪೇಸ್ಟ್‌ಗಳಲ್ಲಿ ಫ್ಲೋರೈಡ್ ಇರುವುದೇ ಇಲ್ಲ. ಒಂದೂವರೆ-ಎರಡು ತಿಂಗಳಾದರೂ ಜುಮ್ಮೆನ್ನುವುದು ಇಳಿಯದಿದ್ದರೆ ಡಾಕ್ಟರ್ ಕ್ಲಿನಿಕ್‌ನಲ್ಲೇ ಫ್ಲೋರೈಡ್ ವಾರ್ನಿಶ್ ಹಚ್ಚುತ್ತಾರೆ. ಬಿಸಿಯದು ಕುಡಿದಾಗ ನೋವು ಶುರುವಾಗಿ ಲೋಟ ಕೆಳಗಿಟ್ಟ ಮೇಲೂ ನಿಂತುಕೊಂಡರೆ, ರಾತ್ರಿ ನಿದ್ದೆ ಕೆಡಿಸಿದರೆ, ಅದು ಬೇರೆ ವಿಷಯ. ಆಗ ಪೇಸ್ಟ್ ನಂಬಿ ಕೂರಬೇಡಿ, ನರಕ್ಕೆ ತೊಂದರೆ ಆಗಿದೆಯಾ ಅಂತ ತೋರಿಸಿ.

ಅಲ್ಲಾಡುವ ಹಲ್ಲು: ಫ್ಲಾಪ್ ಆದ ಮೊದಲ ವಾರಗಳಲ್ಲಿ ಹಲ್ಲು ಮೊದಲಿಗಿಂತ ಸ್ವಲ್ಪ ಜಾಸ್ತಿ ಅಲ್ಲಾಡುವುದು ಉಂಟು. ವಸಡು, ಮೂಳೆ ಗಟ್ಟಿಯಾಗುತ್ತಾ ಬಂದ ಹಾಗೆ ಇಳಿಯುತ್ತದೆ. ದಯವಿಟ್ಟು ನಾಲಿಗೆಯಿಂದ, ಬೆರಳಿನಿಂದ ತಳ್ಳಿ ತಳ್ಳಿ ನೋಡಬೇಡಿ. ನೀವೊಬ್ಬರೇ ಅಲ್ಲ, ಎಲ್ಲರೂ ಮಾಡುತ್ತಾರೆ. ಕನ್ನಡಿ ಮುಂದೆ ನಿಂತು ದಿನಕ್ಕೆ ಹತ್ತು ಸಲ ಪರೀಕ್ಷೆ ಮಾಡಿದರೆ ಗಟ್ಟಿ ಆಗುವ ಹಲ್ಲೂ ಆಗುವುದಿಲ್ಲ. ಚಕ್ಕುಲಿ, ಕೋಡುಬಳೆ, ಹುರಿದ ಕಡಲೆ ಇನ್ನು ಕೆಲವು ವಾರ ಬಲಗಡೆಯಲ್ಲೇ ಇರಲಿ.

ಈಗ ಬೆರಳಿನ ವಿಷಯ. ಹೊಲಿಗೆ ಇರುವಾಗ ಆ ಜಾಗದಲ್ಲಿ ಬ್ರಷ್ ಬೇಡ ಅಂತ ನಾವೇ ಹೇಳುತ್ತೇವೆ. ಅದು ಒಂದೆರಡು ವಾರಕ್ಕೆ ಮಾತ್ರ. ನಿಮ್ಮದು ಐದು ವಾರ ದಾಟಿದೆ. ಬೆರಳು ಹಲ್ಲಿನ ಉಬ್ಬಿದ ಮೈಯನ್ನು ಮಾತ್ರ ಒರೆಸುತ್ತದೆ. ಕಾಯಿಲೆ ಶುರುವಾಗುವುದು ವಸಡಿನ ಅಂಚಿನಲ್ಲಿ ಮತ್ತು ಎರಡು ಹಲ್ಲುಗಳ ನಡುವೆ, ಬೆರಳು ಹೋಗದ ಜಾಗದಲ್ಲಿ. ಅಲ್ಲಿ ಕೂತ ಮೆತ್ತನೆಯ ಪಾಚಿ ಒಂದೆರಡು ದಿನದಲ್ಲೇ ಗಟ್ಟಿಯಾಗಲು ಶುರು ಮಾಡುತ್ತದೆ. ಒಮ್ಮೆ ಕಿಟ್ಟ ಆದರೆ ಮನೆಯಲ್ಲಿ ಯಾರ ಕೈಯಲ್ಲೂ ಬರುವುದಿಲ್ಲ. ಉಪ್ಪಿನ ಹರಳು ಹಾಕಿ ತಿಕ್ಕುವುದಂತೂ ಇಂದೇ ನಿಲ್ಲಿಸಿ. ಬೇರಿನ ಮೈ ಎನಾಮಲ್‌ಗಿಂತ ತುಂಬಾ ಮೃದು, ಉಪ್ಪು, ಇದ್ದಿಲು, ಕೆಂಪು ಹಲ್ಲುಪುಡಿ ಯಾವುದರಿಂದ ತಿಕ್ಕಿದರೂ ಸವೆದು ಗುಳಿ ಬೀಳುತ್ತದೆ. ಉಪ್ಪು ನೀರು ಬೇರೆ, ಅದು ಒಳ್ಳೆಯದೇ. ಒಂದು ಲೋಟ ಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ಮುಕ್ಕಳಿಸಿ. ಲವಂಗದ ಎಣ್ಣೆಯನ್ನು ನೇರವಾಗಿ ವಸಡಿಗೆ ಹಚ್ಚಬೇಡಿ, ಸುಡುತ್ತದೆ. ಎಣ್ಣೆ ಮುಕ್ಕಳಿಸುವವರು ಮುಕ್ಕಳಿಸಲಿ, ಅಪಾಯವೇನಿಲ್ಲ, ಆದರೆ ಅದಾದ ಮೇಲೆ ಬ್ರಷ್ ಮಾಡಲೇಬೇಕು.

ಬ್ರಷ್ 'ಸಾಫ್ಟ್' ಅಥವಾ 'ಎಕ್ಸ್‌ಟ್ರಾ ಸಾಫ್ಟ್' ಇರಲಿ, ತಲೆ ಸಣ್ಣದಿರಲಿ. ಎಳೆಗಳು ಅರ್ಧ ಹಲ್ಲಿನ ಮೇಲೆ, ಅರ್ಧ ವಸಡಿನ ಅಂಚಿನ ಮೇಲೆ ಓರೆಯಾಗಿ ಕೂರಬೇಕು. ಒಂದೊಂದು ಜಾಗದಲ್ಲಿ ಹತ್ತು ಸಲ ಸಣ್ಣಗೆ ನಡುಗಿಸಿದ ಹಾಗೆ ಆಡಿಸಿ, ಆಮೇಲೆ ಹಲ್ಲಿನ ತುದಿ ಕಡೆಗೆ ಒರೆಸಿ ತನ್ನಿ. ಬ್ರಷ್ಷನ್ನು ಮುಷ್ಟಿಯಲ್ಲಿ ಹಿಡಿಯದೆ ಪೆನ್ ಹಿಡಿದ ಹಾಗೆ ಹಿಡಿದರೆ ಒತ್ತಡ ತಾನಾಗಿಯೇ ಕಡಿಮೆ ಆಗುತ್ತದೆ. ಕೆಳಗಿನ ಹಲ್ಲಿನ ಒಳಮೈ, ನಾಲಿಗೆ ತಾಗುವ ಕಡೆ, ಬಹಳಷ್ಟು ಜನ ಮುಟ್ಟುವುದೇ ಇಲ್ಲ. ಎಲ್ಲಕ್ಕಿಂತ ಬೇಗ ಕಿಟ್ಟ ಕಟ್ಟುವುದು ಅಲ್ಲೇ, ಜೊಲ್ಲಿನ ಗ್ರಂಥಿಗಳು ಅಲ್ಲಿಗೇ ಬಾಯಿ ತೆರೆಯುವುದರಿಂದ.

ಸಂದಿಗೆ ಬೇರೆಯೇ ಬ್ರಷ್ ಇದೆ. ಇಂಟರ್‌ಡೆಂಟಲ್ ಬ್ರಷ್ ಅಂತ ಮೆಡಿಕಲ್ ಶಾಪ್‌ನಲ್ಲಿ ಕೇಳಿ. ಸಣ್ಣ ತಂತಿಯ ಸುತ್ತ ಎಳೆಗಳಿರುತ್ತವೆ, ಬಾಟಲಿ ತೊಳೆಯುವ ಬ್ರಷ್ಷಿನ ಆಕಾರ, ಬೆಂಕಿಕಡ್ಡಿಗಿಂತ ಸಣ್ಣದು. ನಿಮ್ಮ ಇಡೀ ಪ್ರಶ್ನೆಗೆ ಒಂದೇ ಒಂದು ಸಲಹೆ ಕೊಡು ಅಂದರೆ ನಾನು ಇದನ್ನೇ ಕೊಡುತ್ತೇನೆ. ಸಂದಿ ಇಲ್ಲದವರಿಗೆ ಹಲ್ಲುಗಳ ನಡುವೆ ಎಳೆಯುವ ದಾರ (ಫ್ಲಾಸ್) ಸಾಕು. ನಿಮಗೆ ಸಾಲದು, ಯಾಕೆಂದರೆ ಬೇರಿನ ಪಕ್ಕ ಒಳಕ್ಕೆ ತಗ್ಗಾಗಿರುತ್ತದೆ, ದಾರ ಆ ತಗ್ಗಿನ ಮೇಲೆ ಹಾದುಹೋಗುತ್ತದೆ. ಅಳತೆ ಸರಿಯಿರಬೇಕು: ಒಳಗೆ ಹೋಗುವಾಗ ಎಳೆಗಳು ಎರಡೂ ಕಡೆ ತಾಗಬೇಕು, ತಂತಿ ಮಾತ್ರ ಹಲ್ಲಿಗೆ ಉಜ್ಜಬಾರದು. ಮುಂದಿನ ಹಲ್ಲಿಗೆ ಒಂದು ಅಳತೆ, ದವಡೆ ಹಲ್ಲಿಗೆ ಇನ್ನೊಂದು ಬೇಕಾಗುವುದೇ ಹೆಚ್ಚು. ಡಾಕ್ಟರ ಹತ್ತಿರ ಕೂತು ಅಳತೆ ನೋಡಿಸಿಕೊಳ್ಳಿ, ಐದು ನಿಮಿಷದ ಕೆಲಸ. ದಿನಕ್ಕೊಮ್ಮೆ ರಾತ್ರಿ, ಪೇಸ್ಟ್ ಇಲ್ಲದೆ, ಪ್ರತಿ ಸಂದಿಯಲ್ಲಿ ನಾಲ್ಕೈದು ಸಲ ಒಳಗೆ ಹೊರಗೆ. ತೊಳೆದಿಟ್ಟರೆ ಒಂದು ಬ್ರಷ್ ವಾರದ ಮೇಲೆ ಬರುತ್ತದೆ. ಎಳೆ ಉದುರಿದರೆ, ತಂತಿ ಬಾಗಿದರೆ ಎಸೆಯಿರಿ.

ಮೊದಲ ದಿನಗಳಲ್ಲಿ ರಕ್ತ ಕಾಣಬಹುದು. ಗಾಬರಿಯಾಗಿ ಆ ಜಾಗ ಬಿಟ್ಟುಬಿಡುವುದು ಸಹಜ, ಆದರೆ ರಕ್ತ ಬರುವುದು ಅಲ್ಲಿ ಪಾಚಿ ಇದ್ದು ವಸಡು ಊದಿರುವುದರಿಂದ. ಬಿಡದೆ ಮಾಡಿದರೆ ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ನಿಲ್ಲುತ್ತದೆ. ಟೂತ್‌ಪಿಕ್, ಸೇಫ್ಟಿ ಪಿನ್, ಪೊರಕೆ ಕಡ್ಡಿ ಮಾತ್ರ ಬೇಡ. ಪೊರಕೆ ಕಡ್ಡಿ ಚೂರು ವಸಡಿನಲ್ಲಿ ಮುರಿದುಕೊಂಡು ಕೀವು ತುಂಬಿ ಬಂದವರನ್ನು ನಾವು ಈಗಲೂ ನೋಡುತ್ತೇವೆ.

ಮೌತ್‌ವಾಶ್ ನಿಲ್ಲಿಸುವ ಕಾಲ ದಾಟಿದೆ. ಸರ್ಜರಿ ಆದವರಿಗೆ ಸಾಮಾನ್ಯವಾಗಿ ಕೊಡುವುದು ಕ್ಲೋರ್‌ಹೆಕ್ಸಿಡಿನ್, ಹೆಚ್ಚಾಗಿ 0.2 ಪರ್ಸೆಂಟ್. ಬ್ರಷ್ ಮಾಡಲಾಗದ ಒಂದೆರಡು ವಾರ ಪಾಚಿ ಕಟ್ಟದಂತೆ ನೋಡಿಕೊಳ್ಳಲು ಅದಕ್ಕಿಂತ ಒಳ್ಳೆಯದು ಇಲ್ಲ. ಜಾಸ್ತಿ ದಿನ ಬಳಸಿದರೆ ಹಲ್ಲು, ನಾಲಿಗೆ ಕಂದಾಗುತ್ತವೆ, ಕಾಫಿ-ಟೀ ಕುಡಿಯುವವರಿಗೆ ಇನ್ನೂ ಜಾಸ್ತಿ. ಉಪ್ಪಿನ ರುಚಿ ಸರಿಯಾಗಿ ಗೊತ್ತಾಗುವುದಿಲ್ಲ, ಕಿಟ್ಟವೂ ಬೇಗ ಕಟ್ಟುತ್ತದೆ. ಸಾರಿಗೆ ಎರಡು ಸಲ ಉಪ್ಪು ಹಾಕಿ ಮನೆಯವರಿಂದ ಬೈಸಿಕೊಂಡಿದ್ದರೆ ಕಾರಣ ಅದೇ ಇರಬಹುದು. ಡಾಕ್ಟರಿಗೆ ಒಂದು ಫೋನ್ ಮಾಡಿ ಕೇಳಿ ನಿಲ್ಲಿಸಿ. ಬಣ್ಣ ಶಾಶ್ವತ ಅಲ್ಲ, ಮುಂದಿನ ಸಲ ಪಾಲಿಶ್ ಮಾಡಿದರೆ ಹೋಗುತ್ತದೆ.

ಶುಗರ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ರಕ್ತದಲ್ಲಿ ಸಕ್ಕರೆ ಜಾಸ್ತಿ ಇದ್ದರೆ ವಸಡಿಗೆ ಸೋಂಕಿನ ಜೊತೆ ಹೋರಾಡುವ ಶಕ್ತಿ ಕಡಿಮೆ ಆಗುತ್ತದೆ, ಗಾಯ ನಿಧಾನವಾಗಿ ಮಾಯುತ್ತದೆ, ಮೂಳೆ ಬೇಗ ಹೋಗುತ್ತದೆ. ತಿರುಗುಮುರುಗೂ ನಿಜ. ವಸಡಿನ ಊತ ಹಾಗೇ ಇದ್ದರೆ ಶುಗರ್ ಹತೋಟಿಗೆ ಬರುವುದು ಕಷ್ಟ. ವಸಡಿನ ಚಿಕಿತ್ಸೆ ಆದ ಮೂರು-ನಾಲ್ಕು ತಿಂಗಳಲ್ಲಿ ಎಚ್‌ಬಿಎ1ಸಿ ಸರಾಸರಿ 0.4ರಷ್ಟು ಇಳಿದಿರುವುದನ್ನು ಹಲವು ಅಧ್ಯಯನಗಳು ತೋರಿಸಿವೆ. ಸಣ್ಣ ಸಂಖ್ಯೆ ಅನ್ನಿಸಬಹುದು, ಆದರೆ ಮಾತ್ರೆ ಹೆಚ್ಚಿಸದೆ ಸಿಕ್ಕಿದ್ದು. ಹಾಗಂತ ಮಾತ್ರೆ ಬಿಡುವ ಹಾಗಿಲ್ಲ. ನಿಮ್ಮ 8.1 ಚಿಕಿತ್ಸೆಗೆ ಮುಂಚಿನದಾಗಿದ್ದರೆ, ಮೂರು ತಿಂಗಳು ತುಂಬಿದ ಮೇಲೆ ಇನ್ನೊಮ್ಮೆ ಮಾಡಿಸಿ. ಶುಗರ್ ಡಾಕ್ಟರಿಗೆ 'ವಸಡಿನ ಸರ್ಜರಿ ಆಗಿದೆ' ಅಂತ, ಹಲ್ಲಿನ ಡಾಕ್ಟರಿಗೆ ಹೊಸ ರಿಪೋರ್ಟ್ ಬಂದಿದೆ ಅಂತ ಹೇಳಿ. ಈ ಇಬ್ಬರು ಒಬ್ಬರಿಗೊಬ್ಬರು ಮಾತಾಡುವುದು ಕಡಿಮೆ, ನಡುವೆ ಫೈಲ್ ಹೊರುವ ಕೆಲಸ ಪೇಷಂಟ್‌ದೇ. ಬಿಪಿಗೆ ಅಮ್ಲೊಡಿಪಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ತಿಳಿಸಿ, ಕೆಲವರಿಗೆ ಅದರಿಂದ ವಸಡು ಬೆಳೆದು ಊದುತ್ತದೆ. ನೀವಾಗಿಯೇ ನಿಲ್ಲಿಸಬೇಡಿ, ಬದಲಿ ಮಾತ್ರೆಗಳಿವೆ.

ಎಲೆ-ಅಡಿಕೆ. ದಾವಣಗೆರೆ ಸೀಮೆಯವರಿಗೆ, ಅಡಿಕೆ ತೋಟಗಳ ನಡುವೆ ಇರುವವರಿಗೆ ಇದನ್ನು ಬಿಡಿ ಅನ್ನುವುದು ಎಷ್ಟು ಕಷ್ಟ ಅಂತ ಗೊತ್ತು. ತಂಬಾಕು ಇಲ್ಲದಿರುವುದು ದೊಡ್ಡ ಸಮಾಧಾನ. ಆದರೆ ಅಡಿಕೆ ಒಂದೇ ಆದರೂ ಬಾಯಿಗೆ ಒಳ್ಳೆಯದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಅಡಿಕೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ನಿಮ್ಮ ವಿಷಯದಲ್ಲಿ ಇನ್ನೊಂದು ತೊಂದರೆ: ಅಡಿಕೆ ಚೂರು ನೇರವಾಗಿ ಈ ಹೊಸ ಸಂದಿಗಳಲ್ಲಿ ಕೂರುತ್ತದೆ, ಗಟ್ಟಿ ಹೋಳು ಜಗಿಯುವ ಒತ್ತಡ ಅಲ್ಲಾಡುವ ಹಲ್ಲಿಗೆ ಬೀಳುತ್ತದೆ. ಒಮ್ಮೆಲೇ ಬಿಡಲು ಆಗದಿದ್ದರೆ ಮೊದಲು ರಾತ್ರಿ ಊಟದ ನಂತರದ್ದನ್ನು ಬಿಡಿ. ಸೋಂಪು ಹಾಕಿಕೊಳ್ಳಿ.

ಸಂದಿಯನ್ನು ಮುಚ್ಚಿಸಬಹುದಾ ಅಂತ ನೀವು ಬಾಯಿಬಿಟ್ಟು ಕೇಳಿಲ್ಲ, ಆದರೆ ಆ ಪ್ರಶ್ನೆ ಒಳಗಿದೆ ಅಲ್ವಾ? ಮೊದಲ ಆಯ್ಕೆ, ಸುಮ್ನೆ ಕಾಯುವುದು. ವಸಡು ಒಂದು ಹದಕ್ಕೆ ಬಂದು ನಿಲ್ಲಲು ಇನ್ನೂ ಕೆಲವು ತಿಂಗಳು ಬೇಕು. ಸಂದಿ ತಾನಾಗಿ ತುಂಬುತ್ತದೆಯೇ ಅನ್ನುವುದು ಕೆಳಗಿನ ಮೂಳೆಯ ಮಟ್ಟದ ಮೇಲಿದೆ. ಎರಡು ಹಲ್ಲು ಒಂದಕ್ಕೊಂದು ತಾಗುವ ಜಾಗದಿಂದ ಮೂಳೆವರೆಗಿನ ದೂರ 5 ಮಿಲಿಮೀಟರ್ ಒಳಗಿದ್ದರೆ ನಡುವಿನ ವಸಡು ಬಹುತೇಕ ಯಾವಾಗಲೂ ತುಂಬಿರುತ್ತದೆ. 6 ಆದರೆ ಸುಮಾರು ಅರ್ಧದಷ್ಟು ಕಡೆ, 7 ಆದರೆ ನಾಲ್ಕರಲ್ಲಿ ಒಂದು ಕಡೆ. ಅಮೆರಿಕದ ಡೆನಿಸ್ ಟಾರ್ನೋ ಮತ್ತು ಜೊತೆಗಾರರು 1992ರಲ್ಲಿ ಅಳೆದು ಹೇಳಿದ ಲೆಕ್ಕ ಇದು, ಇವತ್ತಿಗೂ ನಾವು ಎಕ್ಸ್‌ರೇ ನೋಡಿ ಇದನ್ನೇ ಹಿಡಿದು ಅಂದಾಜು ಮಾಡುತ್ತೇವೆ. ಮೂಳೆ ಹೋದವರಲ್ಲಿ ದೂರ ಜಾಸ್ತಿಯೇ ಇರುತ್ತದೆ. ಆದ್ದರಿಂದ ನಿಮ್ಮ ಸಂದಿ ಪೂರ್ತಿ ಮುಚ್ಚುತ್ತದೆ ಅಂತ ನಾನು ಭರವಸೆ ಕೊಡಲಾರೆ. 'ವಸಡು ಮತ್ತೆ ಬೆಳೆಸುವ' ಎಣ್ಣೆ, ಜೆಲ್ ಅಂತ ಮೊಬೈಲ್‌ನಲ್ಲಿ ಬರುವ ಜಾಹೀರಾತುಗಳಿಗೆ ದುಡ್ಡು ಹಾಕಬೇಡಿ.

ನೋಡಲು ತುಂಬಾ ಬೇಸರ ಆದರೆ ಮುಂದಿನ ಹಲ್ಲುಗಳ ಪಕ್ಕಕ್ಕೆ ಹಲ್ಲಿನ ಬಣ್ಣದ ಕಾಂಪೊಸಿಟ್ ಸೇರಿಸಿ ಸಂದಿಯನ್ನು ಸಣ್ಣದು ಮಾಡಬಹುದು. ಅಪಾಯ ಏನೆಂದರೆ, ಅಂಚು ವಸಡಿಗೆ ಒತ್ತಿಕೊಂಡರೆ ಅಲ್ಲೇ ಪಾಚಿ ಕೂತು ಮತ್ತೆ ಊತ ಶುರು. ಮೂರು-ನಾಲ್ಕು ತಿಂಗಳು ಕಾದು, ನೀವು ಸಂದಿ ಬ್ರಷ್ ಸರಿಯಾಗಿ ಬಳಸುತ್ತಿದ್ದೀರಿ ಅಂತ ಖಾತ್ರಿ ಆದ ಮೇಲೆ ಮಾತ್ರ ಮಾಡಿಸಿ. ಅಂಗುಳಿನಿಂದ ವಸಡಿನ ತುಂಡು ತೆಗೆದು ಕಸಿ ಮಾಡುವ ಸರ್ಜರಿ ಇದೆ. ಒಂದೇ ಹಲ್ಲಿನ ಮುಂಭಾಗದ ಬೇರು ಹೊರಬಂದಿದ್ದರೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಹಲ್ಲುಗಳ ನಡುವಿನ ಸಂದಿಗೆ ಫಲ ಅಷ್ಟಕ್ಕಷ್ಟೆ, 8.1 ಇರುವಾಗ ನಾನಂತೂ ಕೈ ಹಾಕುವುದಿಲ್ಲ. ಹಲ್ಲು ಮೂರು ತಿಂಗಳಾದರೂ ಅಲ್ಲಾಡುತ್ತಿದ್ದು ಜಗಿಯಲು ತೊಂದರೆ ಕೊಟ್ಟರೆ, ಪಕ್ಕದ ಹಲ್ಲುಗಳಿಗೆ ತೆಳು ತಂತಿ ಅಥವಾ ಫೈಬರ್‌ನಿಂದ ಸೇರಿಸಿ ಕಟ್ಟುತ್ತಾರೆ. ಇದರಿಂದ ಆರಾಮ ಸಿಗುತ್ತದೆ. ಆದರೆ ಶುಚಿ ಮಾಡುವುದು ಕಷ್ಟ, ಆಗಾಗ ಬಿಟ್ಟುಕೊಂಡು ಬರುತ್ತದೆ.

ಮಗನ ಸಲಹೆ ಕಾಳಜಿಯಿಂದಲೇ ಬಂದದ್ದು. ಆದರೆ ಇಂಪ್ಲಾಂಟ್ ಕೂರಿಸಲೂ ಅದೇ ಮೂಳೆ ಬೇಕು, ಅದರ ಸುತ್ತಲೂ ಅದೇ ವಸಡು ಇರುತ್ತದೆ. ವಸಡಿನ ಕಾಯಿಲೆಯಿಂದ ಹಲ್ಲು ಕಳೆದುಕೊಂಡವರಲ್ಲಿ ಇಂಪ್ಲಾಂಟ್ ಸುತ್ತಲಿನ ಮೂಳೆ ಹೋಗುವ ಸಾಧ್ಯತೆ ಉಳಿದವರಿಗಿಂತ ಜಾಸ್ತಿ, ಶುಗರ್ ಹತೋಟಿಯಲ್ಲಿ ಇಲ್ಲದಿದ್ದರೆ ಇನ್ನೂ ಜಾಸ್ತಿ. ಅದನ್ನೂ ದಿನಾ ಇದೇ ರೀತಿ ಬ್ರಷ್ ಮಾಡಬೇಕು. ಉಳಿಸಲು ಸಾಧ್ಯವೇ ಇಲ್ಲ ಅನ್ನುವ ಒಂದೆರಡು ಹಲ್ಲಿಗೆ ಇಂಪ್ಲಾಂಟ್ ಒಳ್ಳೆಯ ದಾರಿ. ರಕ್ತ ನಿಂತ, ಜಗಿಯುತ್ತಿರುವ ಹಲ್ಲುಗಳನ್ನು ಸಾಲಾಗಿ ಕೀಳಿಸಲು ನಾನು ಒಪ್ಪುವುದಿಲ್ಲ. ಮೇಲಿನ ಹಲ್ಲು ಕಿತ್ತರೆ ಕಣ್ಣು ಮಂಜಾಗುತ್ತದೆ ಅನ್ನುವ ಹೆದರಿಕೆಯೂ ಮನೆಯಲ್ಲಿ ಯಾರಿಗಾದರೂ ಇದ್ದರೆ, ಅದು ಸುಳ್ಳು. ನಾನು ಬೇಡ ಅನ್ನುವುದು ಆ ಕಾರಣಕ್ಕಲ್ಲ.

ಇನ್ನು ಮುಂದಿನ ಭೇಟಿ. ವಸಡಿನ ಕೆಳಗಿನಿಂದ ತೊಳೆದು ಹಾಕಿದ ಕೆಟ್ಟ ಬ್ಯಾಕ್ಟೀರಿಯಾಗಳು ಎರಡು-ಮೂರು ತಿಂಗಳಲ್ಲಿ ಮತ್ತೆ ಗುಂಪು ಕಟ್ಟುತ್ತವೆ. ಅದಕ್ಕೇ ಮೂರು ತಿಂಗಳಿಗೊಮ್ಮೆ ಬನ್ನಿ ಅನ್ನುವುದು, ಬಿಲ್ ಮಾಡಲು ಅಲ್ಲ. ಸ್ವೀಡನ್ನಿನ ಕಾರ್ಲ್‌ಸ್ಟಾಡ್ ಊರಿನಲ್ಲಿ 1970ರ ದಶಕದ ಶುರುವಿನಲ್ಲಿ ಪರ್ ಆಕ್ಸೆಲ್‌ಸನ್ ಮತ್ತು ಯಾನ್ ಲಿಂಡೆ ಒಂದು ಗುಂಪಿನ ಜನರಿಗೆ ಹೀಗೆ ತಪ್ಪದೆ ಕರೆಸಿ ಶುಚಿ ಮಾಡಿ, ಬ್ರಷ್ ಮಾಡುವುದನ್ನು ಕಲಿಸುತ್ತಾ ಬಂದರು. 30 ವರ್ಷ ಆದ ಮೇಲೆ ಎಣಿಸಿದರೆ ಒಬ್ಬೊಬ್ಬರು ಕಳೆದುಕೊಂಡದ್ದು ಸರಾಸರಿ ಎರಡು ಹಲ್ಲಿಗಿಂತ ಕಡಿಮೆ. ಹೋದ ಹಲ್ಲುಗಳಲ್ಲೂ ಹೆಚ್ಚಿನವು ಬೇರು ಸೀಳಿ ಹೋದವು, ವಸಡಿನಿಂದಲ್ಲ. ನಮ್ಮಲ್ಲಿ ಆಗುವುದು ಬೇರೆ: ಸರ್ಜರಿಗೆ ಸಾವಿರಗಟ್ಟಲೆ ಖರ್ಚು ಮಾಡುತ್ತಾರೆ, ಹೊಲಿಗೆ ಬಿಚ್ಚಿದ ದಿನ ಕೈಮುಗಿದು ಹೋದವರು ನಾಲ್ಕು ವರ್ಷ ಬಿಟ್ಟು ಅದೇ ಜಾಗದಲ್ಲಿ ಕೀವು ತುಂಬಿಸಿಕೊಂಡು ಬರುತ್ತಾರೆ. ಖರ್ಚಿನ ಯೋಚನೆ ಇದ್ದರೆ ಡೆಂಟಲ್ ಕಾಲೇಜುಗಳ ವಸಡಿನ ವಿಭಾಗಕ್ಕೆ ಹೋಗಿ. ದಾವಣಗೆರೆಯಲ್ಲೇ ಕಾಲೇಜುಗಳಿವೆ. ಸ್ನಾತಕೋತ್ತರ ವಿದ್ಯಾರ್ಥಿಗಳು ಅಧ್ಯಾಪಕರ ಕಣ್ಣೆದುರಿಗೆ ಮಾಡುತ್ತಾರೆ, ಕಾಯಬೇಕು, ಆದರೆ ಕೆಲಸ ಅಚ್ಚುಕಟ್ಟಾಗಿರುತ್ತದೆ.

ಹೋದಾಗ ಪ್ರತಿ ಹಲ್ಲಿನ ಪಾಕೆಟ್ ಅಳತೆ ಬರೆದ ಚಾರ್ಟ್ ಕೇಳಿ, ಫೋಟೊ ತೆಗೆದಿಟ್ಟುಕೊಳ್ಳಿ. ಸರ್ಜರಿಗೆ ಮುಂಚೆ 7 ಇದ್ದದ್ದು ಈಗ 4 ಆಗಿದೆ ಅಂತ ಕಣ್ಣಾರೆ ಕಂಡರೆ ನಾದಿನಿಯವರಿಗೂ ತೋರಿಸಬಹುದು. 5ರ ಮೇಲಿದ್ದು ರಕ್ತವೂ ಬರುವ ಜಾಗ ಉಳಿದಿದ್ದರೆ ಅಲ್ಲಿ ಮಾತ್ರ ಮತ್ತೆ ಕ್ಲೀನಿಂಗ್ ಬೇಕಾಗಬಹುದು. ವಸಡಿನಲ್ಲಿ ಕೀವು, ಹಲ್ಲಿನ ಪಕ್ಕ ಹುಣ್ಣಿನಂಥ ಉಬ್ಬು, ಮುಖ ಊತ, ಜ್ವರ, ಅಥವಾ ಇಳಿಯಬೇಕಾದ ಅಲುಗಾಟ ದಿನದಿಂದ ದಿನಕ್ಕೆ ಜಾಸ್ತಿ ಆಗುವುದು, ಇವುಗಳಲ್ಲಿ ಯಾವುದೇ ಕಂಡರೂ ಮೂರು ತಿಂಗಳು ಕಾಯಬೇಡಿ, ಅಂದೇ ಹೋಗಿ. ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅಲ್ಲಿಗೆ ಹೋದ ತಕ್ಷಣ ಹೇಳಿ, ಆದರೆ ಹಲ್ಲಿನ ಕೆಲಸ ಇದೆ ಅಂತ ನೀವಾಗಿಯೇ ಹಿಂದಿನ ದಿನ ನಿಲ್ಲಿಸಿ ಹೋಗಬೇಡಿ.